ಕಬಡ್ಡಿ ಗೆರೆ, ಕಳರಿ ಹೆಜ್ಜೆ: ಆತ್ಮರಕ್ಷಣೆ ಕಲಿಸಿದ ನನ್ನ ಅನುಭವ

ಬೀದಿಯಲ್ಲಿ ಯಾರಾದರೂ ಮೇಲೆ ಬಿದ್ದರೆ ಕಳರಿಪಯಟ್ಟು ಕೈ ಕೊಡುತ್ತದೆ, ಬಾಕ್ಸಿಂಗ್ ಕಲಿತವನೇ ಉಳಿಯುವುದು ಎಂದು ಮಂಗಳೂರಿನ ಜಿಮ್ಮಿನ ಹುಡುಗರು ಎಷ್ಟೋ ಸಲ ನನಗೆ ಹೇಳಿದ್ದಾರೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ ನನ್ನ ಜೊತೆ ಕಳರಿ ಕಲಿತವರ ಮಾತು ಇದಕ್ಕೆ ಪೂರಾ ತದ್ವಿರುದ್ಧ: ಗ್ಲೌಸ್ ಹಾಕಿ ಗುದ್ದಾಡುವುದು ಬರೀ ಆಟ, ಅದು ವಿದ್ಯೆಯಲ್ಲ. ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ನಾನು ಎರಡನ್ನೂ ಕೂಡಿಸಿ, ನಡುವೆ ಕಬಡ್ಡಿಯನ್ನು ತಂದು ಕಲಿಸಲು ಹೊರಟಾಗ ಎರಡೂ ಕಡೆಯವರು ಇದು ನಡೆಯುವುದಲ್ಲ ಎಂದರು. ಐದಾರು ವರ್ಷ ಹಿಡಿಯಿತು, ಈಗ ನಡೆಯುತ್ತಿದೆ. ಕಳರಿಯ ಚುವಡು (ಹೆಜ್ಜೆ), ವಡಿವು (ಪ್ರಾಣಿಗಳ ಹೆಸರಿನ ನಿಲುವು), ಬಾಕ್ಸಿಂಗಿನ ಗಾರ್ಡು (ಕೈ ಎತ್ತಿ ತಲೆ ಮುಚ್ಚುವುದು), ಕ್ಲಿಂಚು (ನಿಂತೇ ತಬ್ಬಿ ಹಿಡಿಯುವುದು) ಗೊತ್ತಿದ್ದು ನಾಲ್ಕು ಮಕ್ಕಳಿಗೆ ಕಲಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಬುಡದಿಂದ ಹೇಳಲು ಹೋಗುವುದಿಲ್ಲ.

ಮೊದಲು ಬಿದ್ದುಹೋದದ್ದು ವೆರುಂಕೈಯ, ಅಂದರೆ ಕಳರಿಯ ಬರಿಗೈ ವಿದ್ಯೆಯ, ಜೋಡಿ ಪಾಠ. ಮಣಿಗಂಟು ಹಿಡಿದರೆ ಹೀಗೆ ತಿರುಚು, ಕೊರಳಿಗೆ ಕೈ ಹಾಕಿದರೆ ಹಾಗೆ ಬೀಳಿಸು ಎಂಬ ಪಾಠ ನಿಮಗೂ ಗೊತ್ತು. ಎದುರಿನವನು ಹೇಳಿದ ಹಾಗೆ ಕೈ ಕೊಟ್ಟರೆ ಪ್ರತಿಯೊಂದೂ ಸರಿಯಾಗಿ ಬರುತ್ತದೆ. ಒಂದು ಸಂಜೆ ನಮ್ಮೂರ ಕಬಡ್ಡಿ ತಂಡದ ಕ್ಯಾಪ್ಟನ್ ಜಗಲಿಯಲ್ಲಿ ಕೂತು ನೋಡುತ್ತಿದ್ದವ ಕೇಳಿದ: "ಮಾಸ್ಟ್ರೆ, ಚಂದ ಉಂಟು. ಆದರೆ ಹಿಡಿದವ ಬಿಡದಿದ್ದರೆ ಎಂತ ಮಾಡುವುದು?" ಬಾ, ಹಿಡಿ ಎಂದೆ. ಅವನು ನಮ್ಮ ಹಳೆಯ ಶಿಷ್ಯನ ಪಾದದ ಗಂಟಿಗೆ ಕೈ ಹಾಕಿದ, ಹುಡುಗ ಬಿದ್ದ. ಇನ್ನೊಬ್ಬನ ಸೊಂಟ ಹಿಡಿದ, ಅವನೂ ಬಿದ್ದ. ವರ್ಷಗಟ್ಟಲೆ ಕಲಿತ ತಿರುಚು ಒಂದೂ ಕೂರಲಿಲ್ಲ. ಮರ್ಮದ್ದೂ, ಅಂದರೆ ಪೆಟ್ಟು ಬಿದ್ದರೆ ಅಪಾಯವಾಗುವ ಮೈಯ ಸೂಕ್ಷ್ಮ ಜಾಗಗಳದ್ದೂ, ಅದೇ ಕತೆ. ಸುಶ್ರುತ 107 ಮರ್ಮಗಳನ್ನು ಹೇಳಿದ್ದಾನೆ, ಗುರುಗಳಿಂದ ಹಲವನ್ನು ನಾನೂ ಕಲಿತಿದ್ದೇನೆ. ಬೆವರಿ ಒದ್ದಾಡುವ ಮೈಯಲ್ಲಿ ಬೆರಳಗಲದ ಜಾಗ ಹುಡುಕಿ ಹೊಡೆಯಲು ನನ್ನ ಹುಡುಗರಲ್ಲಿ ಯಾರಿಗೂ ಆಗಲಿಲ್ಲ. ಉಳಿಚ್ಚಿಲಿಗೆ (ಕಳರಿಯ ಎಣ್ಣೆ ತಿಕ್ಕುವಿಕೆಗೆ), ಪೆಟ್ಟು ಗುಣಪಡಿಸಲಿಕ್ಕೆ ಆ ವಿದ್ಯೆ ಬೇಕೇ ಬೇಕು. ಹೊಡೆದಾಟದ ಪಾಠದಿಂದ ಮಾತ್ರ ತೆಗೆದೆ.

ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಜೂಡೋ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಜೂಡೋ ಹುಟ್ಟುಹಾಕಿದ ಜಪಾನಿನ ಜಿಗೊರೊ ಕಾನೊ 1882ರಲ್ಲಿ ತನ್ನ ಶಾಲೆ ಕೊಡೊಕಾನ್ ಕಟ್ಟಿದಾಗ ಹಳೆಯ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಕಾಟಾಕ್ಕೆ (ಮೊದಲೇ ಗೊತ್ತುಮಾಡಿದ ಜೋಡಿ ಅಭ್ಯಾಸಕ್ಕೆ) ಸೇರಿಸಿ, ಪೂರ್ತಿ ಬಲ ಹಾಕಿ ಆಡಬಹುದಾದ್ದನ್ನು ರಾಂಡೋರಿಗೆ (ಮುಕ್ತ ಎಳೆದಾಟಕ್ಕೆ) ಉಳಿಸಿಕೊಂಡ. ಅಪಾಯದ್ದನ್ನು ಬಿಟ್ಟದ್ದರಿಂದಲೇ ಶಿಷ್ಯರು ದಿನಾ ನಿಜವಾಗಿ ಎಳೆದಾಡಿ ಕಲಿಯುವ ಹಾಗಾಯಿತು. ಹೊಡೆದಾಟದ ಕ್ರೀಡೆಗಳ ಬಲವೆಲ್ಲ ಅಲ್ಲಿದೆ. ಆದರೆ ಅವುಗಳಿಗೂ ಗಡಿ ಉಂಟು. 1993ರಲ್ಲಿ ನಡೆದ, ಬೇರೆ ಬೇರೆ ವಿದ್ಯೆಯವರ ಹೊಡೆದಾಟದ ಸ್ಪರ್ಧೆಯಾದ ಮೊದಲ ಯುಎಫ್‌ಸಿಯಲ್ಲಿ ಬ್ರೆಜಿಲ್ಲಿನ ಜುಜುತ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದನ್ನು ಜಿಮ್ಮಿನವರು ಈಗಲೂ ಹೇಳುತ್ತಾರೆ. ತೂಕದ ವರ್ಗ ಇಲ್ಲದೆ ಗೆದ್ದದ್ದು ದೊಡ್ಡದೇ. ಆದರೂ ಅವನ ಎದುರು ಪ್ರತಿ ಸಲ ನಿಂತದ್ದು ಒಬ್ಬನೇ, ಅದೂ ಬರಿಗೈಯಲ್ಲಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನನ್ನು ನೆಲಕ್ಕೆ ಹಾಕಿ ಕೊರಳು ಹಿಡಿದು ಕೂತರೆ ಅವನ ಜೊತೆಗಾರ ತಲೆಗೆ ಒದೆಯುತ್ತಾನೆ.

ಎಳೆದಾಟ ನಿಜದ್ದೇ ಆಗಬೇಕು, ಎದುರಿಗೆ ಒಬ್ಬನಿಗಿಂತ ಹೆಚ್ಚು ಜನವೂ ಇರಬೇಕು; ಕಬಡ್ಡಿ ಹುಡುಗರನ್ನು ಕೂಲಿ ಕೊಟ್ಟು ಕರೆಸಿದ್ದು ಹೀಗೆ. ಸಂಜೆಗೆ ತಲಾ ಇನ್ನೂರು ರೂಪಾಯಿ, ಜೊತೆಗೆ ಚಹಾ, ಗೋಳಿಬಜೆ. ಹೊನಲು ಬೆಳಕಿನ ಪಂದ್ಯಗಳಲ್ಲಿ ಆಡುವ ಇವರಿಗೆ ಹಿಡಿತ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆಂಕಲ್ ಹೋಲ್ಡ್, ಥೈ ಹೋಲ್ಡ್, ಮೈಯಿಂದ ಗುದ್ದಿ ಹೊರಗೆ ತಳ್ಳುವ ಡ್ಯಾಶ್, ಕೈಗೆ ಕೈ ಕಟ್ಟಿದ ಚೈನ್, ಒಂದರಲ್ಲೂ ಕರುಣೆ ಇಲ್ಲ. ಎದುರು ತಂಡದೊಳಗೆ ಒಬ್ಬನೇ ನುಗ್ಗುವ ರೈಡರ್ ಗೆಲ್ಲುವುದು ಅವರನ್ನು ಮಲಗಿಸಿ ಅಲ್ಲ, ಗೆರೆಗೆ ವಾಪಸು ಮುಟ್ಟಿ. ಆತ್ಮರಕ್ಷಣೆಗೆ ಬೇಕಾದ್ದೂ ಇದೇ ಎಂದು ತಲೆಗೆ ಹೊಳೆದ ಮೇಲೆ ಇಡೀ ಪಾಠವನ್ನೇ ತಿರುಗಿಸಿ ಹಾಕಿದೆ. ಅಂಗಳದ ಒಂದು ತುದಿಗೆ ಸುಣ್ಣದ ಗೆರೆ. ಇನ್ನೊಂದು ತುದಿಯಲ್ಲಿ ಗೋಡೆಗೆ ಬೆನ್ನು ಹಾಕಿ ಶಿಷ್ಯ. ನಡುವೆ ಇಬ್ಬರು, ಆಮೇಲೆ ಮೂವರು. ಕಬಡ್ಡಿಯ ರೈಡಿಗೆ 30 ಸೆಕೆಂಡು, ನಮ್ಮಲ್ಲಿ ಇಪ್ಪತ್ತು. ಅಷ್ಟರಲ್ಲಿ ಗೆರೆ ಮುಟ್ಟಬೇಕು.

ಮೊದಲ ಆರು ತಿಂಗಳು ಬರೀ ನಷ್ಟ. ನೆಲಕ್ಕೆ ಬೈಹುಲ್ಲು ಹಾಸಿ ಟಾರ್ಪಾಲು ಎಳೆದೆವು. ಹುಲ್ಲಿಗೆ ಇಲಿ ಹೊಕ್ಕಿತು, ಮಳೆಗೆ ಕೊಳೆಯಿತು. ಆನ್‌ಲೈನಿನಲ್ಲಿ ತರಿಸಿದ ಮ್ಯಾಟು ಚಿತ್ರದಲ್ಲಿ ದಪ್ಪ, ಕೈಗೆ ಬಂದಾಗ ಚಪ್ಪಲಿಯ ಅಟ್ಟೆಯಷ್ಟು; ಸುಮಾರು ಎಂಟು ಸಾವಿರ ನೀರಿಗೆ ಹೋಯಿತು. ಕೊನೆಗೆ ಮುಚ್ಚುತ್ತಿದ್ದ ಒಂದು ಜಿಮ್ಮಿನ ಹಳೆಯ ಮ್ಯಾಟುಗಳನ್ನು ಹದಿನೈದೋ ಹದಿನಾರೋ ಸಾವಿರಕ್ಕೆ ಎತ್ತಿಕೊಂಡು ಬಂದೆ, ಇವತ್ತಿಗೂ ಅವೇ. ಅಗ್ಗದ ಗ್ಲೌಸು ನಮ್ಮ ಆಟಿ ತಿಂಗಳಿನ ಮಳೆಗೆ ಬೂಸ್ಟು ಹಿಡಿಯುತ್ತದೆ. ಬಚ್ಚಲೊಲೆಯ ಮೇಲೆ ನೇತು ಹಾಕಿದರೆ ರೆಕ್ಸಿನ್ ಒಡೆಯಿತು. ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡುವುದೇ ಸರಿ. ಮೈ ನೀಲಿಗಟ್ಟಿದ್ದು ನೋಡಿ ಅರ್ಧಕ್ಕರ್ಧ ಮಕ್ಕಳನ್ನು ಮನೆಯವರು ಬಿಡಿಸಿದರು. ತಿಂಗಳಿಗೆ ಆರುನೂರು ಫೀಸು, ಲೆಕ್ಕ ಹಾಕಿ. ತಲೆಗೆ ಗಟ್ಟಿಯಾಗಿ ಹೊಡೆಯುವುದನ್ನು ಆಗಲೇ ನಿಲ್ಲಿಸಿದೆ. ಹೆಡ್‌ಗಾರ್ಡ್ ಇದೆ ಎಂದು ಧೈರ್ಯ ತಾಳುವವರು ನೆನಪಿಡಬೇಕು: 2016ರ ರಿಯೋ ಒಲಿಂಪಿಕ್ಸಿನಲ್ಲಿ ಪುರುಷರ ಬಾಕ್ಸಿಂಗಿಗೆ ಹೆಡ್‌ಗಾರ್ಡೇ ಇರಲಿಲ್ಲ. ಚರ್ಮ ಒಡೆಯುವುದನ್ನು ಅದು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನಲ್ಲ.

ಚೂರಿಯ ಪಾಠ ನನ್ನದೇ ಎಂದು ಎದೆ ತಟ್ಟಿ ಹೇಳುತ್ತೇನೆ. ರಬ್ಬರ್ ಚೂರಿಗೆ ದುಡ್ಡು ಹಾಕಬೇಡಿ. ತೋಟದಲ್ಲಿ ಆಗತಾನೆ ಬಿದ್ದ ಅಡಿಕೆ ಹಾಳೆಯನ್ನು ಒಂದು ಗೇಣಿಗೆ ಸ್ವಲ್ಪ ಹೆಚ್ಚು ಕತ್ತರಿಸಿ, ಎರಡು ಪದರ ಹೊಲಿದು, ಅಂಚಿಗೆ ತೆಂಗಿನೆಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ. ಬಾಗುತ್ತದೆ, ಗಾಯ ಮಾಡುವುದಿಲ್ಲ, ತಾಗಿದಲ್ಲಿ ಗುರುತು ಬಿಡುತ್ತದೆ. ಶಿಷ್ಯನಿಗೆ ಬಿಳಿ ಬನಿಯನ್. ಚೂರಿ ಹಿಡಿದವನಿಗೆ ನಾನು ಹೇಳುವುದು ಒಂದೇ: ಕೈ ಚಾಚಿ ನಿಲ್ಲಬೇಡ, ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಚುಚ್ಚಿ ಚುಚ್ಚಿ ತೆಗಿ. ಮೊದಲ ಸಂಜೆ ಎಲ್ಲರ ಹೊಟ್ಟೆ, ಪಕ್ಕೆ, ಕೊರಳ ಬುಡ ಕೆಂಪು. ಕಳರಿಯ ಕಠಾರದ (ಬಾಕುವಿನ) ಪಾಠವನ್ನು ಕಣ್ಣು ಮುಚ್ಚಿ ಮಾಡುವವನಿಗೂ ಅದೇ ಗತಿ. ಮಣಿಗಂಟು ಹಿಡಿದು ಚೂರಿ ಕಸಿಯುವ ಪಟ್ಟನ್ನು ಆವತ್ತೇ ಕೈಬಿಟ್ಟೆ. ಈಗ ಬ್ಯಾಗು, ಕೊಡೆ, ಕುರ್ಚಿ, ಸಿಕ್ಕಿದ್ದನ್ನು ನಡುವೆ ಹಾಕಿ ಗೆರೆಗೆ ಓಡುವುದು. ಗುರುತು ಮುಂಗೈಯ ಹೊರಭಾಗಕ್ಕೆ ಬಂದರೆ ನಮ್ಮಲ್ಲಿ ಪಾಸು, ಒಳಭಾಗಕ್ಕೂ ಕೊರಳಿಗೂ ಬಂದರೆ ಇನ್ನೊಮ್ಮೆ. ಎಣ್ಣೆ ಕುಂಕುಮ ಬನಿಯನ್ನಿನಿಂದ ಹೋಗುವುದಿಲ್ಲ ಎಂದು ಮನೆಗಳಿಂದ ದೂರು ಬಂತು. ಈಗ ನಾನು ಬೆರೆಸುವುದು ಒಂದೇ ಒಗೆತಕ್ಕೆ ಹೋಗುತ್ತದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

ಹಾಳೆಯಿಂದ ಮೊಣಕಾಲ ಕೆಳಗಿನ ಗಾರ್ಡೂ ಮಾಡಿ ನೋಡಿದೆ. ಎರಡು ವಾರ ಚೆನ್ನಾಗಿತ್ತು, ಒಣಗಿದ ಮೇಲೆ ಸೀಳಿ ಚುಚ್ಚತೊಡಗಿತು. ಕೊಡೆಯ ಪ್ರಯೋಗ ಮಾತ್ರ ಹಿಡಿಯಿತು. ಕಳರಿಯ ಗಿಡ್ಡ ಕೋಲು ಚೆರುವಡಿ ಮೂರು ಗೇಣು, ಮಡಚಿದ ಉದ್ದ ಕೊಡೆ ಅದಕ್ಕಿಂತ ತುಸು ಹೆಚ್ಚು. ಬೀಸಿ ಹೊಡೆದರೆ ನಾಲ್ಕೇ ಪೆಟ್ಟಿಗೆ ಕಡ್ಡಿ ಬಾಗುತ್ತದೆ. ಎರಡೂ ಕೈಯಲ್ಲಿ ಹಿಡಿದು ಎದೆಗೂಡಿನ ಕೆಳಗೆ ತಿವಿದರೆ ಕಬಡ್ಡಿ ಹುಡುಗನೂ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ. ಮೂರು ಮಡಿಕೆಯ ಕೊಡೆ ಇದಕ್ಕೆ ಆಗದು.

ಕಳರಿಯಿಂದ ಉಳಿದದ್ದು ಏನು ಎಂದು ಕೇಳುವವರಿಗೆ ಹೇಳುತ್ತೇನೆ, ಉಳಿದದ್ದೇ ಹೆಚ್ಚು. ವರಾಹ ವಡಿವಿನಲ್ಲಿ ಸೊಂಟ ಇಳಿಸಿದವನ ತೊಡೆ ಹಿಡಿಯುವುದು ಕಷ್ಟ ಎಂದು ಕಬಡ್ಡಿಯವರೇ ಒಪ್ಪಿದರು. ತಗ್ಗಿದ ಮೈಯನ್ನು ಓರೆಯಾಗಿ ಸರಿಸುವ ಚುವಡು ಚೈನಿನ ಸಂದಿಯಿಂದ ನುಸುಳಲು ಹೇಳಿ ಮಾಡಿಸಿದ್ದು. ಮೈಪಯಟ್ಟಿನಿಂದ (ಕಳರಿಯ ಮೈ ಪಳಗಿಸುವ ವ್ಯಾಯಾಮದಿಂದ) ಬಂದ ಉಸಿರು ಇಪ್ಪತ್ತು ಸೆಕೆಂಡಿನ ಕೊನೆಯಲ್ಲಿ ಗೊತ್ತಾಗುತ್ತದೆ. ಬಾಕ್ಸಿಂಗಿನಿಂದ ತೆಗೆದುಕೊಂಡದ್ದು ತಲೆ ಮುಚ್ಚುವ ಗಾರ್ಡು, ಒಂದು ನೇರ ಪೆಟ್ಟು, ಅಷ್ಟೆ. ಜೂಡೋದಿಂದ ಬೀಳುವುದು, ಎದ್ದು ನಿಲ್ಲುವುದು. ಹಿಂದಿನಿಂದ ಸೊಂಟ ತಬ್ಬಿ ಹಿಡಿದವನಿಂದ ಬಿಡಿಸಿಕೊಳ್ಳುವ ಒಂದು ಹೆಜ್ಜೆ ನನ್ನ ಹತ್ತಿರ ಇದೆ. ಅಂಗಳಕ್ಕೆ ಬಂದವರಿಗೆ ತೋರಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಮಂಗಳೂರಿನ ಜಿಮ್ಮಿನ ನಾಲ್ಕೈದು ಹುಡುಗರು ಪರೀಕ್ಷೆ ಮಾಡಲೆಂದೇ ಬಂದರು. ಗ್ಲೌಸ್ ಹಾಕಿ ಒಬ್ಬರಿಗೊಬ್ಬರು ನಿಂತಾಗ ಅವರೇ ಮೇಲು, ಅದರಲ್ಲಿ ಮಾತಿಲ್ಲ. ಗೆರೆಯ ಆಟಕ್ಕೆ, ಮೂವರು ಮತ್ತು ಒಂದು ಹಾಳೆ ಚೂರಿಯ ಎದುರು ನಿಂತಾಗ ಅವರು ಒಬ್ಬನನ್ನು ಹೊಡೆಯಲು ನಿಂತರು, ಉಳಿದಿಬ್ಬರು ಬಂದು ಅಪ್ಪಿದರು. ಹತ್ತರಲ್ಲಿ ಎರಡೋ ಮೂರೋ ಸಲ ಗೆರೆ ಮುಟ್ಟಿದ್ದಾರು. ನಮ್ಮವರು ಆರೇಳು. ನಮ್ಮ ಹುಡುಗಿಯರಲ್ಲಿ ಇಬ್ಬರು ಅವರ ದೊಡ್ಡ ಹುಡುಗನಿಗಿಂತ ಹೆಚ್ಚು ಸಲ ಮುಟ್ಟಿದರು. ಆ ಜಿಮ್ಮಿನ ಹುಡುಗರಲ್ಲಿ ಮೂವರು ಈಗ ಆದಿತ್ಯವಾರ ಫೀಸು ಕೊಟ್ಟು ಬರುತ್ತಾರೆ.

ನಿಜವಾದ ಪರೀಕ್ಷೆಯೂ ಆಯಿತು. ಕೆಲಸ ಮುಗಿಸಿ ಮುಚ್ಚಂಜೆಗೆ ಬಸ್ಸಿಳಿದು ತೋಟದ ದಾರಿಯಲ್ಲಿ ಬರುತ್ತಿದ್ದ ನಮ್ಮ ಒಬ್ಬ ಶಿಷ್ಯೆಯ ಕೈಯನ್ನು ಒಬ್ಬ ಹಿಂದಿನಿಂದ ಎಳೆದ. ಅವಳು ಎಳೆದ ಕಡೆಗೇ ಸೊಂಟ ಇಳಿಸಿ ಹೋದಳು, ಮೊಣಕೈ ಒಂದು ಬಿತ್ತು, ಕೈ ಸಡಿಲಾಯಿತು, ಓಡಿದಳು. ಬಂದು ಹೇಳಿದ್ದು: "ಮಾಸ್ಟ್ರೆ, ನಂಗೆ ನಮ್ಮ ಮನೆ ಗೇಟೇ ಗೆರೆ ಅಂತ ಕಂಡದ್ದು." ಕೇಸಿನ ಭಯವೂ ಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಅಗತ್ಯಕ್ಕೆ ಮೀರಿ ಹಾನಿ ಮಾಡಬಾರದು ಎಂಬ ಮಿತಿಯೊಡನೆ. ಬಿಡಿಸಿಕೊಂಡು ಓಡಿದವರಿಗೆ ಆ ಮಿತಿ ಅಡ್ಡ ಬರುವುದಿಲ್ಲ.

ಶುರು ಮಾಡುವವರಿಗೆ ಖರ್ಚು: ಹಳೆಯ ಮ್ಯಾಟು ಸಿಕ್ಕಿದರೆ ಒಟ್ಟು ಇಪ್ಪತ್ತೈದು ಸಾವಿರದೊಳಗೆ ಮುಗಿಯುತ್ತದೆ. ಅದರಲ್ಲಿ ಮೊದಲ ಐದು ಸಾವಿರವನ್ನು ಕಬಡ್ಡಿ ಹುಡುಗರ ಕೂಲಿಗೆ ಎತ್ತಿಡಿ, ಗ್ಲೌಸು ಆಮೇಲೆ.