ಯಕ್ಷಗಾನ ಬಯಲಾಟದ ಹಿಮ್ಮೇಳವನ್ನು ಮೊಬೈಲಿನಲ್ಲಿ ಚೆನ್ನಾಗಿ ರೆಕಾರ್ಡ್ ಮಾಡುವುದು ಹೇಗೆ?

ಶನಿವಾರ ರಾತ್ರಿ ಆಟ ನೋಡಿ, ಮೆಚ್ಚಿದ ಪದ್ಯವನ್ನು ವಾರವಿಡೀ ಬಸ್ಸಿನಲ್ಲಿ ಕೇಳಲೆಂದು ರೆಕಾರ್ಡ್ ಮಾಡಿಕೊಳ್ಳುವವರು ಮಂಗಳೂರು, ಉಡುಪಿ ಕಡೆ ಬೇಕಾದಷ್ಟಿದ್ದಾರೆ. ಮರುದಿನ ಕೇಳಿದರೆ ಚಂಡೆಯ ಪೆಟ್ಟು ಬಿದ್ದಲ್ಲೆಲ್ಲ ಶಬ್ದ ಒಡೆದಿರುತ್ತದೆ, ಅದರ ಬೆನ್ನಿಗೇ ಪದ್ಯ ಹಾಡುವ ಭಾಗವತರ ದನಿ ಕುಗ್ಗಿಹೋಗಿರುತ್ತದೆ. ಫೋನಿನ ಮೈಕ್ ಮಾತಿಗೆ ಹೊಂದಿಸಿದ್ದು. ದೊಡ್ಡ ಶಬ್ದ ಬಂದ ಕೂಡಲೇ ಅದು ತಾನಾಗಿಯೇ ಗೇನ್ (ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸುತ್ತದೆ, ಚಂಡೆ ನಿಂತರೆ ಮತ್ತೆ ಏರಿಸುತ್ತದೆ.

ಹಾಗಾಗಿ ಮೊದಲ ಕೆಲಸ, ಗೇನ್ ಕೈಯಲ್ಲೇ ಹೊಂದಿಸಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳುವುದು. ಆಟೋ ಗೇನ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ಆಟಕ್ಕೆ ಮುಂಚೆ ‘ಕೇಳಿ’ (ಆಟವಿದೆಯೆಂದು ಸಾರುವ ವಾದನ) ಬಡಿಯುವಾಗ ಚಂಡೆ ಪೂರ್ಣ ಜೋರಿನಲ್ಲಿ ಸಿಗುತ್ತದೆ. ಆಗ ಮೀಟರ್ ನೋಡುತ್ತ, ಅತಿ ದೊಡ್ಡ ಪೆಟ್ಟು ಮೈನಸ್ 12 ಡೆಸಿಬೆಲ್ (ಸೊನ್ನೆ ಮುಟ್ಟಿದರೆ ಶಬ್ದ ಒಡೆಯುತ್ತದೆ) ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಳಿಸಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ಚಂಡೆ ಇನ್ನೂ ಏರುವುದರಿಂದ ಅಷ್ಟು ಜಾಗ ಬಿಡಲೇಬೇಕು. ದನಿ ಸಣ್ಣದಾಯಿತೆಂದು ಹೆದರಬೇಡಿ. 24 ಬಿಟ್‌ನಲ್ಲಿ ಹಿಡಿದದ್ದನ್ನು ಆಮೇಲೆ ಏರಿಸಬಹುದು. ಒಡೆದ ಪೆಟ್ಟನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡದು. ಗೇನ್ ಇಳಿಸಿದರೂ ಒಡೆಯುತ್ತಿದ್ದರೆ ಮೈಕೇ ತಡೆಯುತ್ತಿಲ್ಲ ಎಂದರ್ಥ, ಹಿಂದೆ ಸರಿಯಿರಿ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಆಟದಲ್ಲಿ ಇದು ಹೆಚ್ಚು.

ಕೂರುವ ಜಾಗದ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಚಂಡೆ ರಂಗಸ್ಥಳದಿಂದ ನೇರ ಬರುತ್ತದೆ, ಪದ್ಯ ಎರಡು ಬದಿಯ ಸ್ಪೀಕರ್‌ಗಳಿಂದ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದು ಸ್ಪೀಕರ್ ಇನ್ನೊಂದಕ್ಕಿಂತ 10 ಮೀಟರ್ ದೂರವಿದ್ದರೆ ಅದರ ಶಬ್ದ 30 ಮಿಲಿಸೆಕೆಂಡಿನಷ್ಟು ತಡವಾಗಿ ತಲುಪಿ, ತ್ವರಿತ ಲಯದ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಆದ್ದರಿಂದ ರಂಗಸ್ಥಳದ ನಡುಗೆರೆಯಲ್ಲಿ, ಎರಡೂ ಸ್ಪೀಕರ್‌ಗೆ ಸಮದೂರದಲ್ಲಿ, ಐದಾರು ಮೀಟರ್ ಹಿಂದೆ ಇರಿ. ಜನರೇಟರ್, ಚರುಮುರಿ ಗಾಡಿಗಳಿಂದ ದೂರವಿದ್ದಷ್ಟು ಒಳ್ಳೆಯದು. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದೂ ಸೇರುತ್ತದೆ. ಟ್ರೈಪಾಡ್‌ನಲ್ಲಿ ಕುಳಿತವರ ತಲೆಗಿಂತ ಸ್ವಲ್ಪ ಮೇಲಿಡಿ, ಹಿಂದಿನವರ ನೋಟಕ್ಕೆ ಅಡ್ಡವಾಗದಂತೆ.

ಮಲ್ಪೆ, ಪಣಂಬೂರಿನಂಥ ಕಡಲ ಬದಿಯ ಊರುಗಳಲ್ಲಿ ಗಾಳಿಯೇ ದೊಡ್ಡ ಕಾಟ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಇಲ್ಲವಾದರೆ ತೆಳು ಹತ್ತಿಬಟ್ಟೆಯ ಒಂದೇ ಪದರ ಸಾಕು. ಮಂಜು ಬೀಳುತ್ತದೆಂದು ಪ್ಲಾಸ್ಟಿಕ್ ಮುಚ್ಚಿದರೆ ಜಾಗಟೆಯ ನಾದವೇ ಮಂಕಾಗುತ್ತದೆ.

ಏರ್‌ಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು. ಚಾರ್ಜಿಗೆ ಪವರ್ ಬ್ಯಾಂಕ್ ಇರಲಿ. ರಂಗದ ಬಳಿಯ ಪ್ಲಗ್ಗಿನಿಂದ ಗುಂಯ್ ಎಂಬ ಸದ್ದು ಸೇರಿಕೊಳ್ಳಬಹುದು. 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋ ವೇವ್ ಫೈಲ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಸಾಮಾನ್ಯ ವೇವ್ ಫೈಲ್ 4 ಜಿಬಿ ಮೀರುವಂತಿಲ್ಲ. ಬೆಳಗಿನವರೆಗಿನ ಆಟವಾದರೆ ಎರಡು ಗಂಟೆಗೊಮ್ಮೆ, ಪದ್ಯ ಮುಗಿದು ಮಾತು ನಡೆಯುವಾಗ, ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ.

ಧ್ವನಿವರ್ಧಕದವರ ಮಿಕ್ಸರಿನಿಂದ ನೇರ ವಯರ್ ಸಿಕ್ಕಿದರೆ ಎಲ್ಲವೂ ಬಗೆಹರಿಯಿತು ಎಂದುಕೊಳ್ಳುವವರಿದ್ದಾರೆ. ಅದರಲ್ಲಿ ಪದ್ಯ ಸ್ವಚ್ಛ, ಆದರೆ ಚಂಡೆಗೆ ಬೇರೆ ಮೈಕ್ ಇಡದಿದ್ದರೆ ಅದು ದೂರದಲ್ಲೆಲ್ಲೋ ಬಡಿದಂತಿರುತ್ತದೆ. ಆ ಸಿಗ್ನಲ್ ಫೋನಿನ ಮೈಕ್ ಇನ್‌ಪುಟ್‌ಗೆ ಜಾಸ್ತಿಯಾಗುವುದರಿಂದ ನಡುವೆ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಬೇಕು. ವಯರಿನದ್ದನ್ನೂ ಹೊರಗಿನ ಮೈಕಿನದ್ದನ್ನೂ ಬೇರೆಬೇರೆ ಹಿಡಿದು, ಚಂಡೆಯ ಒಂದು ಒಂಟಿ ಪೆಟ್ಟನ್ನು ಗುರುತಿಟ್ಟು ಜೋಡಿಸಿದರೆ ಮಾತ್ರ ಹಿಮ್ಮೇಳ ತುಂಬಿ ಕೇಳುತ್ತದೆ. ಶ್ರಮದ ಕೆಲಸ, ಆದರೆ ಮಾಡಬೇಕಾದದ್ದೇ.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದ ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕುಳಿತು ನಡೆಸುವ ಕೂಟ) ಅಭ್ಯಾಸ ಮಾಡಿ. ಚಾವಡಿಯೊಳಗೆ ಗಾಳಿಯಿಲ್ಲ, ಭಾಗವತರ ಹತ್ತಿರವೇ ಕೂರಬಹುದು.

ಆಟವಿರಲಿ, ಕೂಟವಿರಲಿ, ಆಡಿಸುವವರನ್ನೂ ಭಾಗವತರನ್ನೂ ಮೊದಲೇ ಕೇಳಿ. ಸ್ವಂತಕ್ಕೆ ಕೇಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಎರಡಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕು. ಮನೆ ಸೇರಿದ ದಿನವೇ ಫೈಲಿಗೆ ತಾರೀಕು, ಊರು, ಮೇಳ, ಪ್ರಸಂಗ, ಹಿಮ್ಮೇಳದವರ ಹೆಸರು ಬರೆದಿಡಿ. ಪದ್ಯದ ರಾಗ, ತಾಳ ತಿಳಿದರೆ ಅದನ್ನೂ ಸೇರಿಸಿ.