ಸತ್ಯವೇದ ಚೀಲದಲ್ಲಿರಲಿ, ಮೊದಲು ಕೂತುಕೊಳ್ಳಿ

ಕೊಡಗಿನ ಸಿದ್ದಾಪುರದ ಸುತ್ತಮುತ್ತ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ನೊಂದವರನ್ನು ನಮ್ಮ ಕ್ರೈಸ್ತ ಸಭೆಯ ಪರವಾಗಿ ಭೇಟಿಯಾಗಲು ಹೊರಡುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಮಾತು: "ಟೀಚರೇ, ಸತ್ಯವೇದದಿಂದ (ಬೈಬಲಿನಿಂದ) ಯಾವ ವಚನ ಓದಲಿ?" ಹೊರಡುವ ಮೊದಲೇ ಅದಕ್ಕೆ ಉತ್ತರ ಕೊಡಲು ನನ್ನಿಂದಾಗದು. ಆ ಮನೆಯವರ ಮಾತು ಕೇಳಿದ ಮೇಲಷ್ಟೇ ವಚನ ಗೊತ್ತಾಗುವುದು.

ಹೊತ್ತು ನೋಡಿಕೊಂಡು ಹೋಗಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಹಣ್ಣು ತೂಕ ಹಾಕಿಸಿ ಬಂದು ಒಲೆ ಹಚ್ಚುತ್ತಿರುವವರ ಮುಂದೆ ಪುಸ್ತಕ ಬಿಚ್ಚಬೇಡಿ. ಕತ್ತಲಾಗುವ ಮುಂಚೆ ಮುಖ್ಯರಸ್ತೆಗೆ ಬಂದುಬಿಡಿ. ಆನೆಗೆ ನೀವು ಸಭೆಯವರೆಂದು ಗೊತ್ತಿಲ್ಲ. ಲೈನ್ ಮನೆಗಳಿಗೆ ನಡುವಿನ ಗೋಡೆ ಒಂದೇ, ಈಚೆ ಆಡಿದ್ದು ಆಚೆಗೆ ಕೇಳುತ್ತದೆ. ಗುಟ್ಟಿನ ವಿಷಯವಿದ್ದರೆ ಅಂಗಳಕ್ಕೋ ತೋಟದ ದಾರಿಗೋ ಕರೆದುಕೊಂಡು ಹೋಗಿ ಮಾತಾಡಿ. ತಮಿಳು, ಮಲಯಾಳ ಮನೆಮಾತಿನವರಿದ್ದರೆ ಅವರ ಸತ್ಯವೇದದಿಂದ ಅವರೇ ಓದಲಿ.

ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಬಾಯಿ ತೆರೆದ ಮೇಲೆ ಕೆಟ್ಟಿತು. ಯೋಬನ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಗೋಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ. ಶಿಲುಬೆಯ ಸಾವಿನಿಂದ ನೊಂದು ಎಮ್ಮಾಹು ಊರಿಗೆ ಹೊರಟ ಇಬ್ಬರು ಶಿಷ್ಯರ ಜೊತೆ ನಡೆಯುವಾಗ ಯೇಸುವೂ ಮೊದಲು ಏನು ನಡೆಯಿತೆಂದು ಕೇಳುತ್ತಾನೆ, ಅವರಲ್ಲೊಬ್ಬನಾದ ಕ್ಲೆಯೋಫನ ಮಾತು ಮುಗಿಯುವ ತನಕ ತಾಳುತ್ತಾನೆ. ಶಾಸ್ತ್ರ ಆಮೇಲೆ. ಆದ್ದರಿಂದ ನೀವೂ "ಏನಾಯ್ತು?" ಅಂತ ಕೇಳಿ ಸುಮ್ಮನಿರಿ.

ಊಟ ನಿದ್ದೆ ವಿಚಾರಿಸುವುದನ್ನು ಸಣ್ಣ ಮಾತು ಅಂದುಕೊಳ್ಳಬೇಡಿ. 1 ಅರಸುಗಳ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವು ಬೇಡಿಕೊಂಡು ಮಲಗಿದಾಗ ದೇವದೂತ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ; ರೊಟ್ಟಿ ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ತಿನ್ನಿಸಿದ.

ಓದುವ ಹೊತ್ತು ಬಂದಾಗ ವಾಗ್ದಾನದ ವಚನಗಳಿಗೆ ಕೈ ಹಾಕುವ ಆತುರ ಬೇಡ. ಸತ್ಯವೇದದ 150 ಕೀರ್ತನೆಗಳಲ್ಲಿ ಗೋಳಿನ ಪ್ರಾರ್ಥನೆಗಳು ಬೇಕಾದಷ್ಟಿವೆ. ನಾವು ಆರಾಧನೆಯಲ್ಲಿ ಅವನ್ನು ಓದುವುದು ಕಡಿಮೆ, ನನಗಂತೂ ಇದು ಬೇಸರದ ವಿಷಯ. 13ನೆಯ ಕೀರ್ತನೆ "ಎಷ್ಟರವರೆಗೆ?" ಎಂದು ಮತ್ತೆ ಮತ್ತೆ ಕೇಳುತ್ತದೆ, ಭರವಸೆಯ ಮಾತು ಬರುವುದು ಕೊನೆಗೆ. ಸ್ವಂತ ಅಣ್ಣತಮ್ಮಂದಿರೇ ಜಾಗದ ವಿಷಯದಲ್ಲಿ ಮೋಸ ಮಾಡಿದ್ದರೆ 55ನೆಯದು: ಅಲ್ಲಿ ನೋಯಿಸಿದವನು ವೈರಿಯಲ್ಲ, ಒಡನಾಡಿ. 88 ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಓದಿ, ಅಲ್ಲಿಗೇ ನಿಲ್ಲಿಸಲು ಧೈರ್ಯ ಬೇಕು. ಆರೇಳು ವಚನ ಸಾಕು. ನಿಧಾನವಾಗಿ ಎರಡು ಸಲ ಓದಿ. "ಯಾವ ಮಾತು ಮನಸ್ಸಿಗೆ ತಾಗಿತು ಅಕ್ಕಾ?" ಎಂದು ಕೇಳಿ. ವಿವರಣೆ ಕೊಡಬೇಡಿ. ಆ ಮಾತನ್ನೇ ದಪ್ಪಕ್ಷರದಲ್ಲಿ ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡ ಜರಿದು ಮನೆ ಹೋದವರಿಗೆ "ಎಲ್ಲವೂ ಒಳ್ಳೆಯದಕ್ಕೇ" ಎಂದು ರೋಮಾಪುರ 8:28 ಹೇಳಿದವರಿದ್ದರು. ವಚನ ಸುಳ್ಳಲ್ಲ, ಆದರೆ ಅದು ನೊಂದವರ ಬಾಯಲ್ಲಿ ಬರಬೇಕಾದ ಮಾತು, ನಮ್ಮ ಬಾಯಲ್ಲಲ್ಲ. "ಯಾರ ಪಾಪಕ್ಕೆ ಹೀಗಾಯಿತು?" ಎಂಬ ಪ್ರಶ್ನೆ ಎದ್ದರೆ ಯೋಹಾನ 9 ತೆರೆಯಿರಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ್ದೂ ಅದನ್ನೇ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ತಳ್ಳಿಹಾಕಿದ.

ಗಂಡ ಕುಡಿದು ಹೊಡೆಯುವ ಮನೆಯಲ್ಲಿ ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕೆನ್ನುವ ಎಫೆಸ 5:22ನ್ನು ಒಂಟಿಯಾಗಿ ಎತ್ತಬೇಡಿ. ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುವ 21, ಹೆಂಡತಿಗಾಗಿ ಪ್ರಾಣ ಕೊಡುವಷ್ಟು ಪ್ರೀತಿಸು ಎಂದು ಗಂಡನಿಗೆ ಹೇಳುವ 25, ಎರಡೂ ಜೊತೆಗಿರಲಿ. "ಸಹಿಸಿಕೋ" ಎಂದು ಯಾವ ಹೆಂಗಸನ್ನೂ ಆ ಮನೆಗೆ ವಾಪಸ್ ಕಳಿಸಬೇಡಿ. ಮಹಿಳಾ ಸಹಾಯವಾಣಿ 181 ಕೊಡಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಅದು ಗುಟ್ಟಿನ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಸಾಯಬೇಕೆನ್ನಿಸುತ್ತದೆ ಎಂಬ ಸುಳಿವು ಸಿಕ್ಕರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿ ಎಲ್ಲಿದೆ ನೋಡಿ, ದೂರ ಇಡಿಸಿ. ಒಬ್ಬರನ್ನೇ ಬಿಟ್ಟು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಡಿಕೇರಿ ಆಸ್ಪತ್ರೆಗೆ ಜೊತೆಯಲ್ಲಿ ಬಸ್ ಹತ್ತಿ. ವಿಶ್ವಾಸ ಇದ್ದರೆ ಮಾತ್ರೆ ಬೇಡ ಎನ್ನುವವರ ಮಾತಿಗೆ ಸೊಪ್ಪು ಹಾಕಬೇಡಿ.

ಪ್ರಾರ್ಥನೆ ಮಾಡಬಹುದೇ ಎಂದು ಕೇಳಿಯೇ ಮಾಡಿ, ಬೇಡವೆಂದರೆ ಬೇಡ. ಪಕ್ಕದ ಲೈನಿನ ಬೇರೆ ಧರ್ಮದವರು ಬಂದು ಕೂತರೆ ಅವರೂ ಕೂರಲಿ, ದುಃಖದ ಮನೆ ಉಪದೇಶಕ್ಕೆ ಜಾಗವಲ್ಲ. ಮತ್ತೆ ಭಾನುವಾರ "ಪ್ರಾರ್ಥನೆಗಾಗಿ" ಎಂದು ಹೆಸರು ಹಿಡಿದು ಆ ಮನೆಯ ಕಥೆಯನ್ನು ಸಭೆಯ ಮುಂದೆ ಇಡುವವರಿದ್ದಾರೆ. ಅಂಥವರನ್ನು ನಾನು ಎರಡನೆಯ ಸಲ ಭೇಟಿಗೆ ಕಳಿಸುವುದಿಲ್ಲ.