ಎಡಗೈಗೂ ಉದ್ದ ಕತ್ತಿ ಹಿಡಿಸಿದ ನನ್ನ ಅನುಭವ

ಹೋದ ತಿಂಗಳು ನಮ್ಮ ಕತ್ತಿವರಸೆ ಕ್ಲಬ್ಬಿನಲ್ಲಿ ರೇಪಿಯರ್ (ಚುಚ್ಚಿ ಆಡುವ ತೆಳ್ಳನೆ ಉದ್ದ ಕತ್ತಿ) ಜೊತೆ ಡ್ಯಾಗರ್ (ಗಿಡ್ಡ ಕಠಾರಿ) ಹಿಡಿಯುವ ನಾಲ್ವರ ಎದುರು ಸಂಜೆಯೆಲ್ಲಾ ಆಡಿದೆ. 12 ಬೌಟಿನಲ್ಲಿ, ಅಂದರೆ 12 ಸುತ್ತಿನಲ್ಲಿ, 8 ಗೆದ್ದೆ. ನನ್ನ ಎರಡೂ ಕೈಯಲ್ಲಿ ಇದ್ದದ್ದು ಒಂದೊಂದು ರೇಪಿಯರ್. ಎರಡು ವರ್ಷದ ಹಿಂದೆ ಇದೇ ನಾಲ್ವರು "ಅದು ಹಳೇ ಚಿತ್ರದಲ್ಲಿ ನೋಡೋಕೆ ಚೆನ್ನ, ಸ್ಪಾರಿಂಗ್‌ನಲ್ಲಿ ಆಗಲ್ಲ" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯಲ್ಲಿ, ಊರು ಕೋಲಾರದ ಕಡೆ. ರೇಪಿಯರ್ ಹಿಡಿದು ಆರೇಳು ವರ್ಷ ಆಯಿತು.

ಅವರು ಅನುಮಾನ ಪಟ್ಟದ್ದರಲ್ಲಿ ತಪ್ಪಿಲ್ಲ. 1570ರಲ್ಲಿ ಇಟಲಿಯ ಕತ್ತಿವರಸೆ ಗುರು ಡಿ ಗ್ರಾಸಿ ತನ್ನ ಪುಸ್ತಕದಲ್ಲಿ ಜೋಡಿ ಕತ್ತಿಗೇ ಒಂದು ಭಾಗ ಕೊಟ್ಟಿದ್ದಾನೆ. ಇದು ಕಲಿಯುವ ಶಾಲೆಗೆ, ಪಂದ್ಯದ ಕಣಕ್ಕೆ ಸೇರಿದ್ದು, ಯುದ್ಧದಲ್ಲಿ ಬಳಸುವುದಿಲ್ಲ ಅಂತ ಅವನೇ ಹೇಳುತ್ತಾನೆ. ಎಡಗೈ ಬಲಗೈಯಷ್ಟೇ ಪಳಗದಿದ್ದರೆ ಇದರ ತಂಟೆಗೇ ಹೋಗಬೇಡ ಅನ್ನುವುದೂ ಅವನ ಮಾತೇ. ನಾನು ಈ ಎರಡನೇ ಮಾತನ್ನು ಓದಿ ಸುಮ್ನೆ ದಾಟಿ ಹೋದೆ. ಒಂದು ವರ್ಷ ಹಾಳಾದದ್ದು ಅಲ್ಲೇ.

ಮೊದಲು ದುಡ್ಡಿನ ಲೆಕ್ಕ. ನನ್ನ ಹಳೇ ರೇಪಿಯರ್‌ಗೆ ಜೋಡಿ ಬೇಕು ಅಂತ ಅಂಥದ್ದೇ ಇನ್ನೊಂದು ತರಿಸಿದೆ, 320 ಯೂರೋ ಇರಬೇಕು. ಎರಡೂ ಕೈಗೆ ಆಗುತ್ತದೆ ಅಂತ ಮಾರಿದವರು ಭರವಸೆ ಕೊಟ್ಟಿದ್ದರು. ಬಂದದ್ದು ಬಲಗೈಗೆ ಬಾಗಿಸಿದ, ಬೆರಳು ಕಾಯುವ ಲೋಹದ ಬಳೆಗಳ ಹಿಡಿಕೆ. ಎಡಗೈಯಲ್ಲಿ ಹಿಡಿದರೆ ಬೆರಳ ಗೆಣ್ಣು ಪೂರ್ತಿ ಹೊರಗೆ. ಎರಡನೇ ವಾರವೇ ಉಂಗುರದ ಬೆರಳು ಊದಿಕೊಂಡಿತು. 180ಕ್ಕೆ ಮಾರಿದೆ. ಅಲಗೂ ಜಾಸ್ತಿ ಉದ್ದ, 105 ಸೆಂಟಿಮೀಟರ್. ಎರಡು ಅಷ್ಟುದ್ದ ಇದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕೊನೆಗೆ 95ರ ಅಲಗಿನ ಎರಡು ತೆಗೆದುಕೊಂಡೆ, ಬಟ್ಟಲಿನ ಹಾಗೆ ಕೈಯನ್ನು ಮುಚ್ಚುವ ಕಪ್ ಹಿಡಿಕೆಯವು. ಕಾಲದ ಪ್ರಕಾರ ಕಪ್ ಹಿಡಿಕೆ ಡಿ ಗ್ರಾಸಿಗಿಂತ ಎಷ್ಟೋ ಆಮೇಲಿನದ್ದು, ಗೊತ್ತು. ಆದರೆ ಬೆರಳು ಉಳಿಯಬೇಕಲ್ವಾ? ಮಣಿಕಟ್ಟಿನ ನೋವಿಗೆ ಫಿಸಿಯೋಥೆರಪಿ ಬೇರೆ. ಎಲ್ಲಾ ಸೇರಿ ಸಾವಿರ ಯೂರೋ ಹತ್ತಿರ ಹೋಯಿತು, ನಮ್ಮ ರೂಪಾಯಿಯಲ್ಲಿ ಲಕ್ಷದ ಆಸುಪಾಸು.

ಮೊದಲ ವರ್ಷ ಆಡಿದ್ದೆಲ್ಲ ಒಂದೇ ಥರ. ಎರಡೂ ಕತ್ತಿ ಮುಂದೆ ಚಾಚಿ ನಿಲ್ಲುತ್ತಿದ್ದೆ, ಎರಡರಲ್ಲೂ ಒಟ್ಟಿಗೆ ಚುಚ್ಚಲು ಹೋಗುತ್ತಿದ್ದೆ. ತಡೆಯುವುದಕ್ಕೆ ಕೈಯೇ ಉಳಿಯುತ್ತಿರಲಿಲ್ಲ. ಹತ್ತರಲ್ಲಿ ಆರು ಡಬಲ್, ಅಂದರೆ ಇಬ್ಬರಿಗೂ ಒಟ್ಟಿಗೇ ಏಟು. ಉಳಿದದ್ದರಲ್ಲಿ ನನ್ನ ಎಡ ಕತ್ತಿಯೇ ನನ್ನ ಬಲ ಕತ್ತಿಯನ್ನು ಬಡಿದು ದಾರಿ ತಪ್ಪಿಸುತ್ತಿತ್ತು.

ಆಮೇಲೆ ಎಲ್ಲ ಬಿಟ್ಟು ನಾಲ್ಕು ತಿಂಗಳು ಎಡಗೈಯಲ್ಲಿ ಒಂದೇ ಕತ್ತಿ ಹಿಡಿದು ಆಡಿದೆ. ಹೊಸಬರ ಕೈಯಲ್ಲೂ ಸೋತೆ. ಹಲ್ಲುಜ್ಜುವುದು, ಬೀಗ ತೆಗೆಯುವುದು, ತರಕಾರಿ ಹೆಚ್ಚುವುದು ಎಲ್ಲ ಎಡಗೈಗೆ ಬಂತು. ಊಟಕ್ಕೂ ಶುರು ಮಾಡಿದ್ದೆ, ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ "ಏನೋ ಇದು, ಎಡಗೈಲಿ ಉಣ್ತಿದ್ದೀಯ?" ಅಂತ ಬೇಜಾರು ಮಾಡಿಕೊಂಡರು. ಅದೊಂದನ್ನು ಬಿಟ್ಟೆ.

ಗೆದ್ದದ್ದು ಅದರ ಮುಂದಿನ ಹಂತದಲ್ಲಿ. ಎಡಗೈಗೆ ರೇಪಿಯರ್, ಬಲಗೈಗೆ ಡ್ಯಾಗರ್. ಸುಮಾರು ಮೂರು ತಿಂಗಳು. ಬಲಗೈಯವರು ಇದನ್ನು ಮಾಡುವುದು ಅಪರೂಪ, ಮಾಡಿ ನೋಡಿ. ಆಗ ಬಲಗೈ ತಡೆಯುವ ಕೆಲಸ ಕಲಿಯುತ್ತದೆ, ಎಡಗೈ ಚುಚ್ಚುವ ಕೆಲಸ ಕಲಿಯುತ್ತದೆ. ಆಮೇಲೆ ಡ್ಯಾಗರ್ ಜಾಗಕ್ಕೆ ಎರಡನೇ ಕತ್ತಿ ಬಂದರೆ ಪ್ರತಿ ಹೆಜ್ಜೆಗೂ ಕೈಗಳು ಕೆಲಸ ಬದಲಾಯಿಸಬಹುದು. ಬಲಗಾಲು ಮುಂದೆ ಬಂದರೆ ಬಲಗೈ ಚುಚ್ಚುತ್ತದೆ, ಎಡಗಾಲು ದಾಟಿದರೆ ಎಡಗೈ. ಎದುರಾಳಿ ತನ್ನ ಡ್ಯಾಗರ್ ಅನ್ನು ಯಾವ ಕಡೆ ಇಡಬೇಕು ಅಂತ ಯೋಚಿಸುವಷ್ಟರಲ್ಲಿ ಮುಗಿದಿರುತ್ತದೆ. ಒಂದು ಕತ್ತಿ ಮೇಲಿದ್ದರೆ ಇನ್ನೊಂದು ಕೆಳಗೇ ಇರಬೇಕು, ಒಂದೇ ಎತ್ತರಕ್ಕೆ ಎರಡೂ ಬರಕೂಡದು. ಹೆಜ್ಜೆ ದಾಟುವ ಕ್ಷಣದಲ್ಲಿ ಹಿಂದಿನ ಕತ್ತಿಯ ಮೊನೆ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ನಾಲ್ವರೂ ಇನ್ನೂ ಅದನ್ನೇ ಹುಡುಕುತ್ತಿದ್ದಾರೆ.

ಲಯ ಸಿಕ್ಕಿದ್ದು ಬೇರೆ ಕಡೆಯಿಂದ. ಫಿಲಿಪೀನ್ಸ್‌ನವರ ಸಿನವಾಲಿ ಎರಡು ತಿಂಗಳು ಕಲಿತೆ, ಎರಡು ಬೆತ್ತದ ಕೋಲು, ನೇಯ್ದ ಹಾಗೆ ಬೀಸುವುದು. ಭುಜಕ್ಕೆ ಒಳ್ಳೆಯದು, ಚುಚ್ಚುವ ಆಟಕ್ಕೆ ಅಷ್ಟಾಗಿ ಬರಲಿಲ್ಲ. ಜಪಾನಿನ ಕತ್ತಿವೀರ ಮುಸಾಶಿಯನ್ನೂ ಓದಿದೆ. ಅವನು 1645ರಲ್ಲಿ ಬರೆದು ಮುಗಿಸಿದ ಪುಸ್ತಕದಲ್ಲಿ, ಎರಡೂ ಕೈಗೆ ಕತ್ತಿ ಹಿಡಿಸಿ ಕಲಿಸುವುದು ಉದ್ದ ಕತ್ತಿಯನ್ನು ಒಂದೇ ಕೈಯಲ್ಲಿ ಬೀಸಲು ರೂಢಿಯಾಗಲಿ ಅಂತ, ಅನ್ನುತ್ತಾನೆ. ಅಂದರೆ ಎಡಗೈಗೆ ಅದರದ್ದೇ ಅಭ್ಯಾಸ ಬೇಕು ಅಂತ ನಾನು ಅರ್ಥ ಮಾಡಿಕೊಂಡೆ. ನಿಜವಾಗಿ ಕೆಲಸ ಮಾಡಿದ್ದು ನಮ್ಮೂರ ತಮಟೆ. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆ ಉದ್ದ ಕೋಲು. ಎರಡೂ ಒಟ್ಟಿಗೆ ಬೀಳುವುದು ಕಡಿಮೆ, ಒಂದರ ಬೆನ್ನಿಗೆ ಇನ್ನೊಂದು. ರಜೆಗೆ ಹೋದಾಗ ಹದಿನೈದು ದಿನ ಕೂತು ಬಡಿದೆ. ವಾಪಸ್ ಬಂದ ಮೇಲೆ ಎಡ ಕತ್ತಿ ಎದುರಾಳಿಯ ಅಲಗನ್ನು ತಳ್ಳಿದ ಅರೆಕ್ಷಣಕ್ಕೆ ಬಲ ಕತ್ತಿ ತಾನಾಗೇ ಹೊರಟಿತು. ಹತ್ತಕ್ಕೆ ಆರಿದ್ದ ಡಬಲ್ ಎರಡಕ್ಕೆ ಇಳಿಯಿತು.

ಡ್ಯಾಗರ್ ಇಲ್ಲದೆ ಒಂದೇ ಉದ್ದ ರೇಪಿಯರ್ ಹಿಡಿದು ದೂರವೇ ನಿಲ್ಲುವವರ ಎದುರು ಇನ್ನೂ ಅರ್ಧಕ್ಕರ್ಧ ಸೋಲುತ್ತೇನೆ. 95ರ ಅಲಗು ಅಲ್ಲಿ ಸಾಲುವುದಿಲ್ಲ. 100ರದ್ದು ಸಿಕ್ಕರೆ ಒಮ್ಮೆ ನೋಡಬೇಕು.

ಶುರು ಮಾಡುವವರು ಒಂದು ಮಾತು ಕೇಳಿ. ಪಳಗದ ಎಡಗೈಗೆ ಜೋರು ಹಿಡಿದಿಡಲು ಬರುವುದಿಲ್ಲ. ನಾನು ಒಬ್ಬ ಗೆಳೆಯನ ಗಂಟಲ ಪಟ್ಟಿಗೆ ಎಷ್ಟು ಬಲವಾಗಿ ಚುಚ್ಚಿದೆ ಅಂದರೆ ಅವನು ವಾರ ಪೂರ್ತಿ ನುಂಗಲು ಕಷ್ಟಪಟ್ಟ. 1600 ನ್ಯೂಟನ್ ಮಾಸ್ಕ್ (ಮೊನೆ ತೂರದಷ್ಟು ಗಟ್ಟಿ ಅನ್ನುವ ದರ್ಜೆ ಅದು), ಗಟ್ಟಿ ಗಂಟಲ ಪಟ್ಟಿ, ಮೊನೆಗೆ ರಬ್ಬರ್ ಇಲ್ಲದೆ ಯಾರ ಎದುರೂ ಎಡಗೈ ಎತ್ತಬೇಡಿ. ಮೊದಲ ಮೂರು ತಿಂಗಳು ಅರ್ಧ ವೇಗದಲ್ಲೇ ಆಡಿ.